ಮೊಣಕಾಲೆತ್ತರ

ಕುವೈತಿನಿಂದ ಫೈಲಕಾ ದ್ವೀಪಕ್ಕೆ ಬೆಳಗಿನ ದೋಣಿಯಲ್ಲಿ ನಾವು ಹನ್ನೊಂದು ಜನ,
ಆರು ಸಲಿಕೆ, ಒಂದು ಚಹಾದ ಫ್ಲಾಸ್ಕು.
ಮನೆಗಳ ಗೋಡೆಗೆ ಇನ್ನೂ ಗುಂಡಿನ ತೂತು.
ಯುದ್ಧ ಮುಗಿದರೂ ಹೆಚ್ಚಿನವರು ತಿರುಗಿ ಬರಲಿಲ್ಲವಂತೆ.
ಒಂಟೆಗಳಿವೆ. ಅವಕ್ಕೆ ಮಾಲೀಕನಿದ್ದಾನೆ.

ಮಣ್ಣಿನಡಿ ಗ್ರೀಕರ ಕೋಟೆ.
ಮೇಲೆ ನಾನು, ಉಳ್ಳಾಲದ ಮೋನಬ್ಬ,
ಬೋಗುಣಿಯಲ್ಲಿ ಮಡಕೆಚೂರು ತೊಳೆಯುವವನು.
ಸಾಲ್ಮಿಯಾದ ವಿಲ್ಲಾದಲ್ಲಿ ಒಂಬತ್ತು ವರ್ಷ
ಬಂಗಾರದಂಚಿನ ತಟ್ಟೆ ತೊಳೆದ ಕೈ ಇದು,
ಹಾಗಾಗಿ ಈ ಕೆಲಸ ಸಿಕ್ಕಿತು.
ಅಲ್ಲಿ ಒಡೆದರೆ ಸಂಬಳದಲ್ಲಿ ಮುರಿಯುತ್ತಿದ್ದರು;
ಇಲ್ಲಿ ಎಲ್ಲವೂ ಮೊದಲೇ ಒಡೆದದ್ದು. ಆರಾಮ.

ಕರಿಮೆರುಗಿನ ಚೂರು ಉಳ್ಳವರದು,
ಒರಟು ಕೆಂಪು, ಉಜ್ಜಿದರೆ ಕೈಗೇ ಹತ್ತುವಂಥದು, ಉಳಿದವರದು.
ದೆಸ್ಪಿನಾ ಮೇಡಂ ಬೇರೆ ಬೇರೆ ಚೀಲ ಕೊಟ್ಟಿದ್ದಾಳೆ.
ಎರಡು ಸಾವಿರಕ್ಕೂ ಹೆಚ್ಚು ವರ್ಷ ಒಂದೇ ಮಣ್ಣಲ್ಲಿ
ಮೈಗೆ ಮೈ ತಾಗಿಸಿ ಮಲಗಿದ್ದವನ್ನು
ನಾನು ಮತ್ತೆ ಬೇರೆ ಮಾಡುತ್ತೇನೆ,
ಒಣಗಿಸಿ, ಚೀಟಿ ಅಂಟಿಸಿ.

ಊಟದ ಬಿಡುವಲ್ಲಿ ಫೋನಿನಲ್ಲಿ ತೋರಿಸಿದಳು
ಅವಳೂರಿನ ಒಂದು ಗೋರಿಕಲ್ಲು:
ಕುರ್ಚಿಯಲ್ಲಿ ಹೆಂಗಸು, ಸೆರಗಿನ ನಿರಿಗೆ ನಿರಿಗೆಯೂ ಕಲ್ಲು,
ಪೆಟ್ಟಿಗೆಯಿಂದ ಸರವೊಂದನ್ನು ಎತ್ತಿ ನೋಡುತ್ತಿದ್ದಾಳೆ
ಸತ್ತ ಮೇಲೂ.
ಪೆಟ್ಟಿಗೆ ಹಿಡಿದವಳು ಅವಳ ಮೊಣಕಾಲಿಗೆ ಬರುತ್ತಾಳೆ.
"ಮಗಳೋ?" ಅಂದೆ.
"ಅಲ್ಲ, ಆಳು. ಪ್ರಾಯದವಳೇ.
ಆಳನ್ನು ಸಣ್ಣದಾಗಿ ಕೆತ್ತುವುದು ವಾಡಿಕೆ."
ರೊಟ್ಟಿ ಮುರಿಯುತ್ತ ಹೇಳಿದಳು, ಸೆಕೆಯ ಬಗ್ಗೆ ಹೇಳುವ ಹಾಗೆ.

ನಗು ಬಂತು ಮೊದಲು.
ವಿಲ್ಲಾದ ದೊಡ್ಡ ಮಗನ ಮದುವೆಯ ಫೋಟೋದಲ್ಲಿ
ಖರ್ಜೂರದ ತಟ್ಟೆ ಇದೆ, ತಟ್ಟೆಗೆ ಹೆಬ್ಬೆರಳಿದೆ,
ಹೆಬ್ಬೆರಳಿಗೆ ಮೋನಬ್ಬನಿಲ್ಲ.
ಸಣ್ಣದು ಮಾಡಲಿಲ್ಲ ಪಾಪ, ಕತ್ತರಿಸಿದರು ಅಷ್ಟೆ.
ರೂಮಿನಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸಬೇಕು ಅಂದುಕೊಂಡೆ.

ಹೇಳಲಿಲ್ಲ.
ನನ್ನ ಫೋನಿನಲ್ಲೂ ಒಂದು ಫೋಟೋ ಇದೆ,
ಎಲ್ಲರಿಗೂ ತೋರಿಸಿದ್ದು, ಮೇಡಂಗೂ:
ತೊಕ್ಕೊಟ್ಟಿನ ಹತ್ತಿರ ನನ್ನ ಹೊಸ ಮನೆ,
ಮುಂದೆ ನಾಲ್ಕು ಕಂಬ, ತಲೆಯಲ್ಲಿ ಸಿಮೆಂಟಿನ ಎಲೆಗೊಂಚಲು.
"ಗ್ರೀಕ್ ಮಾದರಿ ಸಾಹೇಬ್ರೆ, ಗಲ್ಫಿನವರೆಲ್ಲ ಇದನ್ನೇ ಹಾಕಿಸ್ತಾರೆ,"
ಅಂದಿದ್ದ ಕಂತ್ರಾಟುದಾರ.
ಒಳಗೆ ಪಿವಿಸಿ ಕೊಳವೆ. ಮೇಲಿನ ಸ್ಲ್ಯಾಬಿಗೆ ಅವು ಬೇಕೇ ಇಲ್ಲ.
ರಸ್ತೆಗೆ ಕಾಣಬೇಕು, ಅಷ್ಟಕ್ಕೆ ಎರಡು ವರ್ಷದ ಓವರ್‌ಟೈಮ್.
ಮೇಡಂ ತುಟಿ ಕಚ್ಚಿ ನೋಡಿದ್ದಳು ಆ ಕಂಬಗಳನ್ನು.

ಮೂರನೆಯ ಕಂಬದ ಬುಡದಲ್ಲಿ ಒಂದು ಬಾಣಲಿ,
ಬಾಣಲಿಯ ಕೆಳಗೆ ಹೆಂಗಸು.
ಕೊಪ್ಪಳದ ಕಡೆಯವಳು. ಯಮನವ್ವನೋ ದ್ಯಾಮವ್ವನೋ.
ಕಂಬ ಪೂರ್ತಿ ಸಿಗಲಿ ಅಂತ, ನಾನು ದೊಡ್ಡದಾಗಿ ಬರಲಿ ಅಂತ
ತಂಗಿಯ ಮಗ ನೆಲಕ್ಕೆ ಕೂತು ತೆಗೆದಿದ್ದ.
ಬೆರಳಲ್ಲಿ ಅಗಲಿಸಿ ನೋಡಿದೆ.
ಹೊಸ ಗಡಿಯಾರದ ಕೈ ನನ್ನ ಸೊಂಟದ ಮೇಲೆ.
ಅವಳು
ಬರುತ್ತಾಳೆ, ಸರಿಯಾಗಿ ಅಲ್ಲಿಗೇ.

ಮಧ್ಯಾಹ್ನ ಒಂದು ಕೆಂಪು ಚೂರನ್ನು ಕರಿಯವುಗಳ ಚೀಲಕ್ಕೆ ಹಾಕಿದೆ,
ಬೇಕೆಂದೇ.
ದೋಣಿ ಹೊರಡುವ ಮುಂಚೆ ಮೇಡಂ ಅದನ್ನು ಹೆಕ್ಕಿ
ಅದರ ಜಾಗಕ್ಕೆ ಹಾಕಿದಳು.
"ಕಣ್ಣು ಸುಸ್ತಾಗಿದೆ ನಿನಗೆ," ಅಂದಳು.