ಅರ್ಧ ಟಿಕೀಟು

ಗುತ್ತಲು ರಸ್ತೆಯಲ್ಲಿ, ಟೈರು ಅಂಗಡಿಯ ಮಹಡಿ ಮೇಲೆ
ನನ್ನದೊಂದು ಪಾರ್ಲರು. ಎರಡು ಕುರ್ಚಿ, ಒಂದು ಫ್ಯಾನು.
ಕಬ್ಬು ಅರೆಯುವ ತಿಂಗಳಲ್ಲಿ ಕಿಟಕಿ ತೆಗೆಯುವ ಹಾಗಿಲ್ಲ,
ಬರುವ ಮುಖಗಳಿಗೆಲ್ಲ ಮೊದಲೇ ಒಂದು ಪದರ ಬೂದಿ.

ಜೆಲ್ಲು ಬಂದದ್ದು ಯುಗಾದಿ ಹೊತ್ತಿಗೆ.
ನೀರಿನಂಥ ತೆಳು, ಸೌತೆಕಾಯಿ ವಾಸನೆ.
ಏಜೆಂಟು ತನ್ನ ಮುಂಗೈಗೇ ಹಚ್ಚಿ ತೋರಿಸಿದ:
ಹಗುರಕ್ಕೆ ಮೇಡಂ, ಗುಂಡಗೆ, ಗುಂಡಗೆ,
ಒತ್ತಬೇಡಿ.
ಬೆರಳ ಕೆಳಗೆ ಮೊದಲು ಎಳ್ಳು,
ಆಮೇಲೆ ಶಾವಿಗೆ ಚೂರು, ಬೂದು ಬಣ್ಣದ್ದು.
‘ನೋಡಿ, ಸತ್ತ ಚರ್ಮ.’
ನನಗೂ ಮೈ ಜುಮ್ಮೆಂದಿತು. ಆರು ಬಾಟಲಿ ತಗೊಂಡೆ.

ಉರಿ ಅಂದವರು ಯಾರೂ ಇಲ್ಲ, ಅದು ನಿಜ.
ಅಕ್ರೋಟು ಪುಡಿಯ ಸ್ಕ್ರಬ್ಬಿನ ಹಾಗೆ ಗೀರು ಬೀಳಲಿಲ್ಲ.
ಕನ್ನಡಿಯಲ್ಲಿ ಉದುರಿದ್ದನ್ನು ಕಂಡು
‘ಅಯ್ಯೋ, ಇಷ್ಟೊಂದು ಹೊತ್ಕೊಂಡ್ ತಿರುಗ್ತಿದ್ನಾ’ ಅನ್ನುವರು,
ಸಾಲ ತೀರಿದ ಹಾಗೆ ಮೆಟ್ಟಿಲಿಳಿಯುವರು.
ನಮ್ಮಜ್ಜಿಯೂ ಎಣ್ಣೆನೀರಿನ ದಿನ ಕಡಲೆಹಿಟ್ಟು ಹಾಕಿ ತಿಕ್ಕಿ
‘ನೋಡೇ, ಎಂಥಾ ಕೊಳೆ’ ಅಂತಿದ್ದಳು.
ಅದರಲ್ಲಿ ಹಿಟ್ಟೆಷ್ಟು, ನಾನೆಷ್ಟು,
ಯಾರು ತೂಗಿದ್ದರು.

ಒಂದು ಮಧ್ಯಾಹ್ನ ಗಿರಾಕಿ ಇಲ್ಲ.
ಉಂಡು ತೊಳೆದಿಟ್ಟ ಸ್ಟೀಲ್ ತಟ್ಟೆ ಒರೆಸಿ
ಒಂದು ಹನಿ ಬಿಟ್ಟು ಉಜ್ಜಿದೆ.
ಎಳ್ಳು. ಶಾವಿಗೆ ಚೂರು.
ನನ್ನ ಬೆರಳಿನದೇ ಇರಬಹುದು ಅಂತ
ಗ್ಲೌಸು ಹಾಕಿ ಉಜ್ಜಿದೆ. ಆಗಲೂ ಬಂತು.
ತಟ್ಟೆಯದು ಬಿಳಿ, ಮುಖದ್ದು ಬೂದು.
ಆ ಬೂದಿಯಷ್ಟು ಮಾತ್ರ ನಿಜ ಇರಬೇಕು.

ಅಪ್ಪ ಆಲೆಮನೆಯಲ್ಲಿ ಕೊಪ್ಪರಿಗೆ ಕಾಯುತ್ತಿದ್ದ.
ಕಬ್ಬಿನ ಹಾಲು ಕುದಿಗೆ ಬಂದಾಗ
ಜಜ್ಜಿದ ಬೆಂಡೆಗಿಡದ ಲೋಳೆ ಹುಯ್ದರೆ
ಮಡ್ಡಿಯೆಲ್ಲ ಮೇಲೆದ್ದು ಬರೋದು,
ಜಾಲರಿಯಲ್ಲಿ ಬಾಚಿ ಬಾಚಿ ಚೆಲ್ಲೋನು.
ಆ ಲೋಳೆಗೆ ಬೆಲ್ಲದ ಬಣ್ಣವೇ ಸಾಕ್ಷಿ.
ಇದು ತನ್ನನ್ನೇ ಉಂಡೆ ಕಟ್ಟಿ ತೋರಿಸುವ ಲೋಳೆ.

ಶನಿವಾರ ಕಂಡಕ್ಟರ್ ಇಂದ್ರಾಣಿ ಬಂದಳು.
ಮಳವಳ್ಳಿ ರೂಟು, ಕಾಲರಿನ ಗೆರೆ ಕುತ್ತಿಗೆಯಲ್ಲಿ ಹಾಗೇ.
ಭಾನುವಾರ ತಂಗಿಯ ಬೀಗರೂಟ.
‘ಅದೇ ಹಾಕಕ್ಕ, ಉದುರತ್ತಲ್ಲ, ಅದು.’
ತಟ್ಟೆ ತಂದು ಉಜ್ಜಿ ತೋರಿಸಿದೆ. ಯಾಕೋ.
ಇನ್ನೂರೈವತ್ತು ರೂಪಾಯಿ ಕೈಬಿಡುವ ಬುದ್ಧಿ.

ಅವಳು ತಟ್ಟೆ ನೋಡಿದಳು, ನನ್ನ ನೋಡಿದಳು,
ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂತವನನ್ನು ನೋಡುವ ಹಾಗೆ.
‘ಸರಿ. ಎಡಕ್ಕೆ ಜೆಲ್ಲು. ಬಲಕ್ಕೆ ಬರೀ ಒದ್ದೆ ಬಟ್ಟೆ.
ಅಷ್ಟೇ ಹೊತ್ತು, ಅದೇ ಕೈ.’

ಯೋಗಿತಾ ಮೊಬೈಲಿನಲ್ಲಿ ಹೊತ್ತು ಹಿಡಿದಳು.
ಎಡಕ್ಕೆ ನಾಲ್ಕು ನಿಮಿಷ, ಬಲಕ್ಕೆ ನಾಲ್ಕು ನಿಮಿಷ.
ದಿನವೆಲ್ಲ ಊರವರ ಮೊಣಕೈ ತಾಕುವ ಮುಖ
ಮೂರನೇ ನಿಮಿಷಕ್ಕೇ ಸಣ್ಣಗೆ ಗೊರಕೆ ಹೊಡೆಯಿತು.

ಒರೆಸಿದ ಮೇಲೆ ಯೋಗಿತಾ ಕಣ್ಣುಮುಚ್ಚಿ ಬೆರಳಿಟ್ಟಳು:
ಎಡ ಒಂಚೂರು ಜಾರತ್ತೆ ಅಕ್ಕ.
ತೊಳೆದು ಒಣಗಿಸಿ ಇನ್ನೊಮ್ಮೆ:
ಎರಡೂ ಒಂದೇ. ತಡೀರಿ. ಇಲ್ಲ, ಎಡವೇ, ಅಲ್ವಾ?
ನನ್ನ ಕೇಳಿದಳು. ನನ್ನ ಬೆರಳಿಗೆ ಗೊತ್ತಾಗಲಿಲ್ಲ,
ಹದಿನಾಲ್ಕು ವರ್ಷ ಬ್ಲೀಚು ಹಿಡಿದ ಬೆರಳು.

ಇಂದ್ರಾಣಿ ಎದ್ದು ಕನ್ನಡಿಗೆ ಮೂಗು ತಾಕಿಸಿ
ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ,
ಚೀಲದ ಬಾಯಿ ಬಿಚ್ಚಿ
ನೂರಿಪ್ಪತ್ತೈದು ಎಣಿಸಿಟ್ಟಳು, ಚಿಲ್ಲರೆಯಲ್ಲಿ.
‘ಎಡಗೆನ್ನೇದು ಟಿಕೀಟು.
ಬಲಗೆನ್ನೆ ಹೆಂಗಸ್ರದು ಕಣಕ್ಕ, ಫ್ರೀ.’

ಇನ್ನೂ ನಾಲ್ಕು ಬಾಟಲಿ ಉಳಿದಿದೆ.
ರಾತ್ರಿ ಬಾಗಿಲೆಳೆಯುವ ಮುಂಚೆ
ಗಾಜಿನ ಮೇಲಿನ ದರಪಟ್ಟಿಯಲ್ಲಿ
‘ಸತ್ತ ಚರ್ಮ ತೆಗೆಯಲಾಗುವುದು’ ಎಂಬ ಸಾಲನ್ನು
ಉಗುರಿನಿಂದ ಕೆರೆದೆ.
ಅಂಚಿನ ಅಂಟು ಉಂಡೆ ಉಂಡೆಯಾಗಿ ಬಂತು,
ಅಕ್ಷರ ಹಾಗೇ ಇದ್ದವು.