ಅಯ್ಯನ ಬೆನ್ನು

ಟಂಟಂ ಗಾಡಿಯಲ್ಲಿ ಬಂದ, ದುಪ್ಪಟಿ ಸುತ್ತಿಕೊಂಡು,
ಕಿನ್ನಾಳದ ನಮ್ಮ ಓಣಿಗೆ, ಸುಡುಬಿಸಿಲ ಹೊತ್ತು.
ಎದೆಮಟ್ಟದ ಹಲಗೆ. ಅದರಿಂದ ಅರ್ಧ ಹೊರಗೆ ಬಂದು
ಇನ್ನರ್ಧ ಮರದಲ್ಲೇ ಉಳಿದವ.
ಕೊರಡಯ್ಯ ಎನ್ನುತ್ತಾರೆ ಮಠದವರು.
ಹುಟ್ಟಿದ ಹೆಸರು ಯಾರಿಗೂ ನೆನಪಿಲ್ಲ.

ಒಂದೇ ಕಿವಿ. ಒಂದೂವರೆ ಹೆಗಲು.
ಬಗಲಲ್ಲಿ ಸೋರೆಬುರುಡೆ, ಕಾಲ ಬಳಿ ನಾಯಿ,
ನಾಯಿಯ ನಾಲಗೆ ಮಾತ್ರ ಇನ್ನೂ ಕೆಂಪು.
ಎಡಮಂಡಿ ಸವೆದು ಬಾಳೆದಿಂಡಿನ ನುಣುಪು:
ಅತ್ತವರೆಲ್ಲ ಅಲ್ಲೇ ಕೈಯೂರಿ ಎದ್ದಿರಬೇಕು.

"ಶ್ರಾವಣಕ್ಕ ಮಿಂಚಬೇಕ್ ನೋಡವ್ವ,"
ಎಂದರು ಮಠದ ಗುರುಸಿದ್ದಯ್ಯ,
"ಆಯಿಲ್ ಪೇಂಟ್ ಹೊಡದ್ರೂ ನಡೀತದ.
ಮೀಸಿ ಒಂದ್ ಸ್ವಲ್ಪ ದಪ್ಪ ಇರ್ಲಿ."

ಟರ್ಪಂಟೈನು, ಹಳೆ ಸೀರೆಯ ಚಿಂದಿ, ಬಿದಿರ ಚಕ್ಕೆ.
ಮೊದಲು ಬಿಟ್ಟದ್ದು ಯಾರೋ ಬಳಿದ ಗುಲಾಬಿ,
ಅಂಗಡಿ ಡಬ್ಬಿಯದು, ಹಪ್ಪಳದಂತೆ ಎದ್ದಿತು.
ಅದರಡಿ ಒಂದು ಹಳದಿ. ಕೈ ನಿಂತಿತು.
ಗೆರೆ ಮುಗಿಯುವಲ್ಲಿ ಕುಂಚ ಬಲಕ್ಕೆ ಜಾರಿಸುವ ಚಟ
ನಮ್ಮ ಮಾವ ತುಳಜಪ್ಪನದು.
ಈ ಅಯ್ಯನನ್ನು ಮುಟ್ಟಿದ್ದೆ ಎಂದು
ಒಂದು ದಿನವೂ ಬಾಯಿಬಿಡದೆ ಹೋದ ಮುದುಕ.
ಹಳದಿಯಡಿ ಎಣ್ಣೆಹೊಗೆ, ಹೊಗೆಯಡಿ ಸುಣ್ಣ,
ಸುಣ್ಣದಡಿ ರೆಪ್ಪೆಯಷ್ಟು ತೆಳ್ಳಗೆ ಒಂದು ಹಸಿರು,
ಏನು ಅರೆದರೆ ಅದು ಬರುತ್ತದೋ ನಮಗೆ ಮರೆತಿದೆ.

ಮೀಸೆ ಇರಲಿಲ್ಲ. ಮೀಸೆ ನಮ್ಮದು.

ಆಮೇಲೆ ಬೋರಲು ಮಲಗಿಸಿದೆ.
ಮುಂದೆ ಪೂಜೆ, ಹಿಂದೆ ಗೋಡೆ; ಯಾರು ನೋಡಿಯಾರು?
ಬೆನ್ನೇ ಇಲ್ಲ. ಮರ ಬಿರಿಯಬಾರದೆಂದು
ದೋಣಿಯ ಹಾಗೆ ತೋಡಿದ್ದಾನೆ ಪುಣ್ಯಾತ್ಮ,
ಬಾಚಿಯ ಏಟುಗಳು ನಿನ್ನೆ ಬಿದ್ದಂತಿವೆ.
ಎದೆಯ ಹಿಂಬದಿಗೆ ಕುಂಬಾರಹುಳ ಕಟ್ಟಿದ ಮಣ್ಣಿನ ಮನೆ,
ಬಾಗಿಲು ತೆರೆದಿದೆ, ಯಾರೂ ಇಲ್ಲ.
ಅದರ ಕೆಳಗೆ ಉಳಿಮೊನೆಯಲ್ಲಿ ಗೀಚಿದ ಎರಡು ಸಾಲು.

ನನಗೆ ಓದಲು ಬರಲಿಲ್ಲ. ಶಾನುಭೋಗರ ಮನೆಯ ರಾಘೋಬಾಚಾರ
ಬೂದಿ ಸವರಿ, ಬ್ಯಾಟರಿ ಓರೆಗೆ ಹಿಡಿದು,
ಅಕ್ಕಿಯೊಳಗಿನ ಕಲ್ಲಿನಂತೆ ಒಂದೊಂದೇ ಆರಿಸಿದ:
"ಬಂಣದ ಕೂಲಿ ಬಂದಿತು.
ಕೆತ್ತಿದುದಕೆ ಜೋಳ ಎರಡು ಕೊಳಗ ಬಾಕಿ."

ಅಷ್ಟೇ. ಶರಣೆಂಬ ಮಾತಿಲ್ಲ, ಶಕೆಯಿಲ್ಲ,
ಬರೆದವನ ಹೆಸರಿಲ್ಲ.
ನಗು ಬಂತು ಮೊದಲು. ಆಮೇಲೆ ಬರಲಿಲ್ಲ.
ನಮ್ಮ ಪಡಸಾಲೆಯ ಗೋಡೆಗೂ ಇದ್ದಿಲ ಗೆರೆಗಳಿವೆ:
ಹುಬ್ಬಳ್ಳಿಯ ಶೋರೂಮಿನವನು, ಗೊಂಬೆಯ ಗೌರಿ ನಾಲ್ಕು.
ಗಂಗಾವತಿಯ ಬೀಗರು, ತೊಟ್ಟಿಲು ಒಂದು
(ಆ ಕೂಸು ಈಗ ಹೈಸ್ಕೂಲಿಗೆ ಹೋಗುತ್ತದೆ).

ಹುಣಸೆಬೀಜ ಅರೆದೆ, ಸೆಣಬು ಕುಟ್ಟಿದೆ,
ಬಿರುಕಿಗೆ ಕಿಟ್ಟ ತುಂಬಿ, ಅಂಚಿಗೆ ತವರದ ಹಾಳೆ ಇಟ್ಟೆ.
ಹಸಿರು ಮುಟ್ಟಲಿಲ್ಲ. ಮೀಸೆ ಬರೆಯಲಿಲ್ಲ.
ನಾಯಿಗೆ ಒಂದು ಕಣ್ಣು ಕೊಟ್ಟೆ.
ಬೆನ್ನಿಗೆ ಕುಂಚದ ಕೂದಲೂ ತಾಗಿಸಲಿಲ್ಲ.

ಚೀಟಿಯಲ್ಲಿ ಲೆಕ್ಕ ಬರೆದೆ: ಅಂಟು, ಬಣ್ಣ, ಹದಿನೆಂಟು ದಿನದ ಕೂಲಿ.
ಕೊನೆಗೆ: ಹಳೇ ಬಾಕಿ, ಜೋಳ ಎರಡು ಕೊಳಗ.
"ಇದೇನವ್ವ ಇದು?" ಎಂದರು ಗುರುಸಿದ್ದಯ್ಯ.
ಅಯ್ಯನನ್ನು ತಿರುಗಿಸಿ ತೋರಿಸಿದೆ.
ಕನ್ನಡಕ ಏರಿಸಿದರು, ಇಳಿಸಿದರು,
ಮೀಸೆಯ ಸುದ್ದಿ ಎತ್ತಲಿಲ್ಲ.

ಸೋಮವಾರ ಅದೇ ಟಂಟಂ. ಒಂದು ಚೀಲ.
ಬಿಳಿಜೋಳ, ಕಲ್ಲುಕಸ ಹಸನು ಮಾಡಿದ್ದು.
ಬಡ್ಡಿ ಕೊಟ್ಟಿಲ್ಲ; ನಾನೂ ಕೇಳಿಲ್ಲ.

ಗಿರಣಿಗೆ ಹಾಕಿಸಿ ರೊಟ್ಟಿ ಬಡಿದೆ.
ಮೊದಲನೆಯದನ್ನು, ಕೆಂಪು ಹಿಂಡಿ ಹಚ್ಚಿ,
ಹಲಗೆ ಒರಗಿಸಿದ್ದ ಗೋಡೆಯ ಮುಂದೆ ಇಟ್ಟೆ.
ಉಣ್ಣಲಿಕ್ಕೆ ಕರೆಯಬೇಕಲ್ಲ. ಏನಂತ ಕರೆಯಲಿ?
ಅಯ್ಯ ಅಲ್ಲ ಅವನು, ಶರಣ ಅಲ್ಲ,
ಸಾಲ ಬರೆದಿಟ್ಟು ಬಾಚಿ ಹೆಗಲಿಗೇರಿಸಿ ಹೋದವ.

"ಏ," ಅಂದೆ.
"ಆರಿ ಹೋಗತೈತಿ, ಬಾ."