ಒಂದೂಕಾಲು ಇಂಚು

ಲೈಸೆನ್ಸಿಗೆ ಹೋದಾಗ ಠಾಣೆಯಲ್ಲಿ ಕೇಳಿದರು:
ತೋಟವಿಲ್ಲ, ಹಂದಿ ಕಾಟವಿಲ್ಲ,
ಸಾಲಗಾಮೆ ರಸ್ತೆಯಲ್ಲಿ ಯೂನಿಫಾರಂ ಹೊಲಿಯೋರಿಗೆ
ಕೋವಿ ಯಾಕಮ್ಮ, ಯಾರ ಮೇಲೆ ಕೋಪ?
ಹಾರುವ ಮಣ್ಣಿನ ತಟ್ಟೆಯ ಮೇಲೆ, ಅಂದೆ.
ಹಾಗೇ ಬರೆದುಕೊಂಡರು, ತಟ್ಟೆಗೆ ಒತ್ತು ಮರೆತು.
ಹನ್ನೊಂದು ತಿಂಗಳು ಅಲೆಸಿ ಕೊಟ್ಟರು.

ಚೀಟಿ ಎತ್ತಿದ ದುಡ್ಡು ಒಂದು ಲಕ್ಷದ ಎಂಬತ್ತು ಸಾವಿರ,
ಎಂಟು ಮೆಷಿನ್ನು ನಾಲ್ಕು ವರ್ಷ ತುಳಿದದ್ದು.
ಗುಂಡಿ ಡಬ್ಬಿಯ ತಳದಲ್ಲಿಟ್ಟು, ಡಬ್ಬಿ ಮಡಿಲಲ್ಲಿಟ್ಟು,
ಬೇಲೂರು ದಾಟಿ ಚಿಕ್ಕಮಗಳೂರಿಗೆ ಹೋದೆ.

ರೇಗೊ ಅವರ ಅಂಗಡಿಯಲ್ಲಿ ಎಣ್ಣೆ ವಾಸನೆ,
ನನ್ನ ಮೆಷಿನ್ನಿನದೇ ವಾಸನೆ.
ಅರ್ಧ ಹೆದರಿಕೆ ಅಲ್ಲೇ ಹೋಯಿತು.

ಮೊದಲು ತೋರಿಸಿದ್ದು ಅಕ್ಕಪಕ್ಕದ ಜೋಡಿ ನಳಿಗೆ,
ನಮ್ಮ ದೇಶದ್ದೇ, ಅಗ್ಗ, ಗಟ್ಟಿ.
"ಹಂದಿ ಓಡಿಸೋಕೆ ಸಾಕು. ತಟ್ಟೆಗೆ ಇದಲ್ಲ.
ಹಗುರ ಕೋವಿ ಭುಜ ಒದೀತದೆ,
ಇಪ್ಪತ್ತೈದನೇ ಏಟಿಗೆ ನೀವೇ ಕಣ್ಣು ಮುಚ್ತೀರಿ."
ಆಮೇಲೆ ಇಟಲಿಯದು, ಮೇಲೊಂದು ಕೆಳಗೊಂದು ನಳಿಗೆ,
ಬೆಳ್ಳಿ ಕೆತ್ತನೆಯಲ್ಲಿ ಎರಡು ಬಾತುಕೋಳಿ.
ಬೆಲೆ ಕೇಳಿದೆ.
ಬಾತುಕೋಳಿಗಳನ್ನು ಇನ್ನೊಮ್ಮೆ ನೋಡಿ ವಾಪಸ್ ಕೊಟ್ಟೆ.
"ತೋಟಾಗೂ ದುಡ್ಡು ಉಳೀಬೇಕಲ್ಲ," ಅಂದರು,
"ಮೊದಲ ವರ್ಷ ಕೋವಿಗಿಂತ ಅದೇ ಜಾಸ್ತಿ ತಿನ್ನೋದು."
ಮನಸ್ಸಲ್ಲೇ ಲೆಕ್ಕ ಹಾಕಿದೆ:
ಒಂದು ಢಂ ಅಂದರೆ ಎರಡು ಕಾಲರಿನ ಕೂಲಿ.

ಮೂರನೆಯದು ಬೀರುವಿನ ಹಿಂದೆ, ಹಳೇ ಕಂಬಳಿಯಲ್ಲಿ.
ತೆಗೆಯಲೋ ಬೇಡವೋ ಎಂಬಂತೆ ತೆಗೆದರು.
ಕಡೂರಿನ ಹಲ್ಲಿನ ಡಾಕ್ಟರದಂತೆ. ಅದೂ ಮೇಲೊಂದು ಕೆಳಗೊಂದು,
ನಳಿಗೆ ಚೊಕ್ಕ, ಒಳಗೆ ಒಂದು ಗೀರಿಲ್ಲ.
ಮಗಳಿಗೆಂದು ಬಟ್ ಕೊಯ್ಸಿಬಿಟ್ಟರು.
ಎರಡು ಬೇಸಿಗೆ ಹೊಡೆದಳು, ಆಮೇಲೆ ಅವಳಿಗೆ ಚೆಸ್ಸಿನ ಹುಚ್ಚು.
ಕೊಯ್ದ ಕೋವಿ ಯಾವ ಗಂಡಸಿನ ತೋಳಿಗೂ ಕೂರುವುದಿಲ್ಲ,
ಮೂರು ವರ್ಷದಿಂದ ಹೀಗೇ ನಿಂತಿದೆ.

ತೆಗೆದಿಡಲು ಮರೆತ ಟೇಪು ನನ್ನ ಕೊರಳಲ್ಲೇ ಇತ್ತು.
ಕುದುರೆಯಿಂದ ಬಟ್ಟಿನ ತುದಿಗೆ ಹಿಡಿದೆ: ಹದಿಮೂರೂಕಾಲು.
ಮೊಳಕೈ ಮಡಿಚಿ ಬೆರಳ ಗೆಣ್ಣಿಗೆ ಹಿಡಿದೆ:
ಹದಿಮೂರೂಕಾಲು, ಒಂದು ನೂಲು ಕಮ್ಮಿ.
ರೇಗೊ ಕನ್ನಡಕ ತೆಗೆದು ಒರೆಸಿಕೊಂಡರು.

"ಕಣ್ಣು ಮುಚ್ಚಿ ಎತ್ತಿ. ಕೆನ್ನೆಗೆ ಬಂದ ಮೇಲೆ ತೆರೀರಿ.
ಕುತ್ತಿಗೆ ಕೋವಿ ಹತ್ರ ಹೋಗಬಾರದು,
ಕೋವಿ ನಿಮ್ಮ ಹತ್ರ ಬರಬೇಕು."
ಎತ್ತಿದೆ. ತೆರೆದೆ.
ಎದುರು ಗೋಡೆಯ ಕ್ಯಾಲೆಂಡರಿನಲ್ಲಿ
ಹದಿನೇಳನೇ ತಾರೀಕಿನ ಮೇಲೆ
ಅಕ್ಕಿಕಾಳಿನಷ್ಟು ಬಿಳಿ ಮಣಿ ಬಂದು ಕೂತಿತ್ತು.

ಇಪ್ಪತ್ತಾರು ವರ್ಷ ಊರಿನ ಮೈಯೆಲ್ಲ ಅಳೆದಿದ್ದೇನೆ.
ನನ್ನ ಅಳತೆ ತೆಗೆದದ್ದು
ಯಾರೋ ಹುಡುಗಿಯ ಅಪ್ಪ, ನನ್ನನ್ನು ನೋಡದೆ.

ಲಕ್ಷದ ಹತ್ತು ಅಂದರು. ತೊಂಬತ್ತೆಂಟಕ್ಕೆ ಇಳಿಸಿದೆ,
ನೂಲಿನ ಹೋಲ್‌ಸೇಲ್ ಅಂಗಡಿಯಲ್ಲಿ ಕಲಿತ ಮೌನದಿಂದ.
ಉಳಿದದ್ದು ತೋಟಾಗೆ, ಕಿವಿಗೆ ಮುಚ್ಚಳಕ್ಕೆ, ಬಸ್ಸಿಗೆ.
ದುಡ್ಡು ಎಣಿಸಿ ಆದ ಮೇಲೆ ಡ್ರಾಯರಿನಿಂದ
ಒಂದು ಮರದ ಬಿಲ್ಲೆ ತೆಗೆದು ಕೊಟ್ಟರು:
"ಇದೂ ನಿಮ್ಮದೇ. ಕೊಯ್ದ ತುಂಡು.
ಮುಂದೆ ಬೇಕಾದರೆ ಕೂಡಿಸಬಹುದು."
ನಲವತ್ತೇಳರಲ್ಲಿ ತೋಳು ಬೆಳೆಯುತ್ತದೆಯೇ?
ಆದರೂ ತೆಗೆದುಕೊಂಡೆ. ಹೊಲಿಗೆಯವರಿಗೆ ಗೊತ್ತು,
ಒಳಗೆ ಬಟ್ಟೆ ಬಿಡದೆ ಯಾವುದನ್ನೂ ಕತ್ತರಿಸಬಾರದು.

ಮೊದಲ ಭಾನುವಾರ, ಆಲ್ದೂರು ರಸ್ತೆಯ ಬಯಲು.
ಇಪ್ಪತ್ತೈದರಲ್ಲಿ ನಾಲ್ಕು ಪುಡಿ.
ಉಳಿದವು ನನ್ನ ಸದ್ದಿಗೂ ಹೆದರದೆ ಹುಲ್ಲಿಗೆ ಇಳಿದವು.
ಆರಿಸಿ ತಂದ ಒಂದರಲ್ಲಿ ಈಗ ಗುಂಡುಸೂಜಿ.

ಚುನಾವಣೆ ಬಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು.
ಒಂದೂಕಾಲು ಇಂಚನ್ನು ಯಾರೂ ಕೇಳುವುದಿಲ್ಲ.
ಕತ್ತರಿ ಮೇಜಿನ ಮೇಲೆ, ಫ್ಯಾನ್ ಗಾಳಿಗೆ
ಪೇಪರ್ ಕಟಿಂಗ್ ಹಾರದ ಹಾಗೆ
ಕೂತಿದೆ.